ನೀಲಕ್ಕನ ಮನೆಯ ಸರ್ವರ್

ಹೈದರಾಬಾದಿನ ಉಪ್ಪಲ್ ಕಡೆಯ ಒಂದು ಕಾಲೇಜಿನಲ್ಲಿ ಕೊನೆಯ ಕೆಲವು ವರ್ಷ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡಿದ್ದೆ. ಬೀಳ್ಕೊಡುವ ದಿನ ಅಲ್ಲಿನ ಹುಡುಗರು ಸುತ್ತ ನಿಂತು, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತೋ ಬರೆದುಕೊಡಿ ಎಂದು ಕೇಳಿದರು. ಕೇಳಿದ್ದು ತೆಲುಗಿನಲ್ಲಿ. ನನಗೆ ತೆಲುಗಿನಲ್ಲಿ ವ್ಯವಹಾರ ಮಾಡಲು ಬರುತ್ತದೆ, ಮನಸ್ಸು ಬಿಚ್ಚಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೇಕಾದವರು ಓದಲು ಬರುವ ಯಾರನ್ನಾದರೂ ಹಿಡಿದು ಓದಿಸಿಕೊಳ್ಳಲಿ.

ಕಾಲೇಜಿನ ನೌಕರಿಯ ಬಗ್ಗೆ ಹೇಳುವುದೇನೂ ಇಲ್ಲ. ಅಲ್ಲಿ ಕುರ್ಚಿ ಇತ್ತು, ಫ್ಯಾನ್ ಇತ್ತು, ತಿಂಗಳಿಗೊಮ್ಮೆ ಸಂಬಳ ಇತ್ತು. ನಾನು ಕೆಲಸ ಕಲಿತದ್ದೂ, ಕೆಲಸ ಅನ್ನುವಂಥ ಕೆಲಸ ಮಾಡಿದ್ದೂ ಅದಕ್ಕಿಂತ ಮುಂಚೆ, ಹೈದರಾಬಾದಿಗೆ ಐಟಿ ಹುಚ್ಚು ಹಿಡಿದ ಹೊಸದರಲ್ಲಿ. ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಪೂರ್ವದ ಕಡೆ, ಮಲ್ಕಾಜ್‌ಗಿರಿ, ತಾರ್ನಾಕಗಳಲ್ಲಿ, ಜನ ಮಲಗುವ ಕೋಣೆಯಲ್ಲೇ ಆಫೀಸು ತೆರೆಯುತ್ತಿದ್ದರು. ಗಾಜಿನ ಕಟ್ಟಡದವರು ಹರಾಜಿಗೆ ಹಾಕಿದ ಹಳೆಯ ಕಂಪ್ಯೂಟರುಗಳು ಕೋಠಿಯ ಓಣಿಗಳಿಗೂ ಸಿಕಂದರಾಬಾದಿನ ಅಂಗಡಿಗಳಿಗೂ ಬಂದು ಬೀಳುತ್ತಿದ್ದವು. ಅವನ್ನು ಬಿಚ್ಚಿ, ಒಂದರ ಕಾಲು ಇನ್ನೊಂದಕ್ಕೆ ಜೋಡಿಸಿ, ಮನೆಮನೆಗೆ ನೆಟ್‌ವರ್ಕ್ ಕಟ್ಟಿಕೊಡುವುದು ನನ್ನ ಕಸುಬು. ಸರ್ವರ್ ಅಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಮನೆಯ ಉಳಿದ ಕಂಪ್ಯೂಟರುಗಳ ಫೈಲುಗಳನ್ನೆಲ್ಲ ತನ್ನಲ್ಲಿ ಇಟ್ಟುಕೊಂಡು, ಕೇಳಿದಾಗ ಕೊಡುತ್ತ, ಹಗಲೂ ರಾತ್ರಿ ಆರದೆ ಓಡುವ ಒಂದು ಹಳೆಯ ಡಬ್ಬಿ, ಅಷ್ಟೆ.

ಮೊದಲು ನಾನಿದ್ದದ್ದು ಸಿಕಂದರಾಬಾದಿನ ಒಂದು ಅಂಗಡಿಯಲ್ಲಿ. ಮಾಲೀಕನನ್ನು ಎಲ್ಲರೂ ಸೇಠ್ ಎನ್ನುತ್ತಿದ್ದರು. ಸೇರಿದ ವಾರವೇ ಒಂದು ಮನೆಗೆ ಹೋಗಿ ಕೂತವನೇ ಸ್ಕ್ರೂ ಬಿಚ್ಚಿದೆ. ಯಂತ್ರದ ಹೊಟ್ಟೆಯೆಲ್ಲ ನೆಲದ ಮೇಲೆ ಹರಡಿದ ಮೇಲೆ ಗೊತ್ತಾಯಿತು, ಗೋಡೆಯ ಪ್ಲಗ್ಗಿನಲ್ಲೇ ಕರೆಂಟ್ ಇರಲಿಲ್ಲ. ಸೇಠ್ ಬೈಯಲಿಲ್ಲ. ‘ಪೆಹಲೇ ಬೈಠೋ, ದೇಖೋ. ಬಾದ್ ಮೇ ಖೋಲೋ’ ಎಂದ. ಮೊದಲು ಕೂತು ನೋಡು, ಬಿಚ್ಚುವುದು ಆಮೇಲೆ. ನಾನು ಕಲಿತ ಅತಿ ದೊಡ್ಡ ವಿದ್ಯೆ ಅದೇ. ಅವನಿಂದ ನನಗೆ ಸಿಕ್ಕ ಇನ್ನೊಂದು, ಕ್ಯಾನ್ವಾಸಿನ ಟೂಲ್ ಬ್ಯಾಗ್. ಇದು ಭುಜದ ಮೇಲಿದ್ದರೆ ಯಾವ ವಾಚ್‌ಮನ್ನೂ ನಿನ್ನನ್ನು ತಡೆಯುವುದಿಲ್ಲ ಎಂದಿದ್ದ.

ಆ ಮಾತು ನಿಜವಾಯಿತು. ಬ್ಯಾಗ್ ನೋಡಿದ ಕೂಡಲೇ ಬಾಗಿಲು ತೆರೆಯುತ್ತಿತ್ತು, ನೀರು ಬರುತ್ತಿತ್ತು, ಕೆಟ್ಟದ್ದರ ಕಥೆಯೆಲ್ಲ ಬರುತ್ತಿತ್ತು. ಸರಿಯಾದ ತಕ್ಷಣ ಮನೆಯವರ ಮುಖ ಪರದೆಯ ಕಡೆ ತಿರುಗಿಬಿಡುತ್ತಿತ್ತು. ನಾನು ವೈರ್ ಸುತ್ತಿ ಬ್ಯಾಗಿಗೆ ಹಾಕಿ ಬಾಗಿಲು ಎಳೆದುಕೊಂಡು ಹೊರಬಿದ್ದದ್ದು ಎಷ್ಟೋ ಸಲ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಅವರನ್ನು ದೂರಬೇಡಿ. ಡಾಕ್ಟರನನ್ನು ನೆನಪಿಟ್ಟುಕೊಂಡು ಯಾರು ಆರೋಗ್ಯವಾಗಿರುತ್ತಾರೆ? ಆದರೆ ಈ ಕಸುಬಿಗೆ ಬರುವವರು ಇದನ್ನು ತಿಳಿದುಕೊಂಡೇ ಬರಬೇಕು. ಕೆಲಸ ಎಷ್ಟು ಚೆನ್ನಾಗಿ ಮಾಡುತ್ತೀರೋ ಅಷ್ಟು ಬೇಗ ಆ ಮನೆ ನಿಮ್ಮ ಕೈ ತಪ್ಪುತ್ತದೆ.

ತಾರ್ನಾಕದ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಮೇಲೊಂದು ಕೆಳಗೊಂದು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆಯುತ್ತಿದ್ದರು. ದಿನಾ ಸಂಜೆ ನೆಟ್‌ವರ್ಕ್ ಸಾಯುತ್ತಿತ್ತು, ಬೆಳಿಗ್ಗೆ ತಾನಾಗಿ ಬದುಕುತ್ತಿತ್ತು. ನಾನು ಕೇಬಲ್ಲಿನ ತುದಿಗಳನ್ನು ಹೊಸದಾಗಿ ಕಟ್ಟಿದೆ, ತಂತಿಗಳೆಲ್ಲ ಬಂದು ಕೂಡುವ ಹಬ್ ಬದಲಿಸಿದೆ, ಸಂಜೆಯ ವೋಲ್ಟೇಜಿನ ಮೇಲೆ ಅನುಮಾನಪಟ್ಟೆ. ಕೊನೆಗೆ ಸೇಠ್ ಹೇಳಿದ ಹಾಗೆ ಏನೂ ಬಿಚ್ಚದೆ ಸುಮ್ಮನೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಆ ಮನೆಯ ಅಜ್ಜಿ ಬಂದು, ಸೊಳ್ಳೆ ಬರುತ್ತವೆಂದು ಕಿಟಕಿಯನ್ನು ಧಡ್ ಎಂದು ಮುಚ್ಚಿದರು. ಮೇಲಿಂದ ಕೆಳಗೆ ಇಳಿಸಿದ್ದ ಕೇಬಲ್ ಆ ಕಿಟಕಿಯ ಸಂದಿಯಲ್ಲೇ ಹಾದು ಹೋಗಿತ್ತು. ಚೌಕಟ್ಟಿನಲ್ಲಿ ಒಂದು ಕಚ್ಚು ಕೊರೆದು ಕೇಬಲ್ ಕೂರಿಸಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು, ತಟ್ಟೆ ತುಂಬ ಸಕಿನಾಲು ಎಂಬ ಅಲ್ಲಿನ ಚಕ್ಕುಲಿ ಕೊಟ್ಟು ತಿನ್ನುವವರೆಗೆ ಎದುರೇ ಕೂತರು. ಮತ್ತೆ ಬಾ ಎಂದರು. ಮತ್ತೆ ಹೋಗಲಿಲ್ಲ, ಯಾಕೆಂದರೆ ಮತ್ತೆ ಕೆಡಲಿಲ್ಲ.

ಆಗ ಕೆಲಸದ ರೀತಿಯೇ ಬದಲಾಗುತ್ತಿತ್ತು. ಮೊದಲಿದ್ದದ್ದು ಟಿವಿಯ ತಂತಿಯಂಥ ಒಂದೇ ದಪ್ಪ ಕಪ್ಪು ಕೇಬಲ್. ಅದು ಎಲ್ಲ ಕಂಪ್ಯೂಟರುಗಳನ್ನೂ ಮುಟ್ಟಿಕೊಂಡು ಹೋಗುತ್ತಿತ್ತು. ಒಂದು ಕಡೆ ಸಡಿಲವಾದರೆ ಎಲ್ಲರದೂ ಬಂದ್. ಆಮೇಲೆ ಎಂಟು ಎಳೆಯ ತೆಳು ಕೇಬಲ್ ಬಂತು. ಎಂಟೂ ಎಳೆ ಬಣ್ಣದ ಕ್ರಮದಲ್ಲಿ ಸಾಲಾಗಿ ಕೂರಬೇಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾನು ಇದನ್ನು ಗುಣುಗುಣು ಹೇಳಿಕೊಳ್ಳುತ್ತಲೇ ಕಟ್ಟುತ್ತಿದ್ದೆ. ದಿನವಿಡೀ ತೆಲುಗು, ಹಿಂದಿ ಆಡುವವನಿಗೆ ಕನ್ನಡ ಉಳಿದಿದ್ದ ಜಾಗ ಅದೊಂದೇ.

ಮೌಲಾಲಿಯ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಮದುವೆ ಆಗಲಿಲ್ಲ, ಯಾಕೆ ಅನ್ನುವುದು ಈ ಬರಹದ ವಿಷಯವಲ್ಲ. ಆದರೆ ಒಂದು ಸರ್ವರ್ ಮಾತ್ರ ನನ್ನ ಕೋಣೆಯಲ್ಲೂ ಇತ್ತು. ಅದರಿಂದ ಫೈಲು ಕೇಳುವ ಎರಡನೇ ಕಂಪ್ಯೂಟರೂ ನನ್ನದೇ. ಪಿಂಗ್ ಎಂಬ ಆಜ್ಞೆ ನಿಮಗೆ ಗೊತ್ತಲ್ಲ: ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ’ ಎಂದು ಕೇಳುವುದು, ಅದು ‘ಇದ್ದೇನೆ’ ಅನ್ನುವುದು. ಊಟ ಮಾಡುತ್ತ ಅದನ್ನು ಓಡಿಸಿಟ್ಟು ಪರದೆಯ ಮೇಲೆ ಉತ್ತರಗಳು ಇಳಿಯುವುದನ್ನು ನೋಡುತ್ತಿದ್ದೆ. ನಗಬೇಡಿ.

ನೀಲಕ್ಕ ಸಿಕ್ಕಿದ್ದು ಆ ಬಣ್ಣಗಳಿಂದ. ಮಲ್ಕಾಜ್‌ಗಿರಿಯ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಕೇಬಲ್ ಕಟ್ಟುತ್ತಿದ್ದೆ. ತರಕಾರಿ ಚೀಲ ಹಿಡಿದು ಹತ್ತುತ್ತಿದ್ದ ಹೆಂಗಸೊಬ್ಬರು ನಾಲ್ಕು ಮೆಟ್ಟಿಲು ದಾಟಿ, ಮತ್ತೆ ಇಳಿದು ಬಂದರು. ‘ನೀಲಿ, ಹಸಿರು ಅನ್ನಾಕತ್ತೀರಿ. ನೀವು ನಮ್ಮ ಕಡ್ಯಾವರೇನ್ರಿ?’ ಎಂದು ಕೇಳಿದರು. ನಾನು ರಾಯಚೂರು ಅಂದೆ. ಅವರು ಕಲಬುರಗಿ. ಆವತ್ತಿನಿಂದ ಅವರು ನನ್ನನ್ನು ಅಣ್ಣಾರ ಅಂದರು, ನಾನು ಅವರನ್ನು ನೀಲಕ್ಕ ಅಂದೆ. ಇಬ್ಬರಲ್ಲಿ ಹಿರಿಯರು ಯಾರು ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ಅವರಿಗೆ ಗಂಡನ ಜೊತೆ ಬಾಳುವೆ ಆಗಿರಲಿಲ್ಲ. ಎರಡನೇ ಮಹಡಿಯ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದು, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಧ್ವನಿಮುದ್ರಿಸಿ ಕಳಿಸಿದ್ದನ್ನು ಕೇಳಿ ಕೇಳಿ ಟೈಪ್ ಮಾಡುವ ಕೆಲಸವನ್ನು ಏಜೆನ್ಸಿಯೊಂದರಿಂದ ಹಿಡಿದಿದ್ದರು. ಆ ದಿನಗಳಲ್ಲಿ ಹೈದರಾಬಾದಿನಲ್ಲಿ ಆ ಕೆಲಸದ ಭರಾಟೆ ಜೋರು. ಪಕ್ಕದ ಮನೆಗಳ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ದೊಡ್ಡದು ಮಾಡಬೇಕೆಂಬುದು ಅವರ ಆಸೆ. ಕಲಬುರಗಿಯಲ್ಲಿದ್ದ ತಮ್ಮ ಬಸವರಾಜನಿಗೆ ಇದು ಸರಿಬರಲಿಲ್ಲ. ಅಕ್ಕ ಪರವೂರಲ್ಲಿ ಒಬ್ಬಳೇ ಇದ್ದರೆ ಜನ ಏನೆಂದಾರು ಎಂಬುದು ಅವನ ಚಿಂತೆ. ಕೊನೆಗೆ ಒಂದು ಮಾತಾಗಿತ್ತು: ದಸರೆಯೊಳಗೆ ಈ ಕೆಲಸ ಕಾಲೂರಿ ನಿಂತರೆ ಸರಿ, ಇಲ್ಲದಿದ್ದರೆ ನೀಲಕ್ಕ ಮನೆ ಖಾಲಿ ಮಾಡಿ ತಮ್ಮನ ಮನೆಗೆ ಹೋಗಿ ಇರಬೇಕು.

‘ಅವ ಕೆಟ್ಟಾಂವ ಅಲ್ರಿ. ಭಾಳ ಮಾಯಾ ಮಾಡ್ತಾನ, ಪ್ರೀತಿ ಐತಿ. ಆದ್ರ ಅಲ್ಲಿ ಹ್ವಾದ್ರ ನಾ ಬರೇ ಅಕ್ಕ ಆಗಿ ಕುಂದ್ರಬೇಕು ನೋಡ್ರಿ’ ಎಂದು ಒಮ್ಮೆ ಹೇಳಿದ್ದರು.

ದುಡ್ಡಿನ ಮಾತು ಬೇಡ, ಅದು ಇಬ್ಬರ ಹತ್ತಿರವೂ ಇರಲಿಲ್ಲ. ನೀಲಕ್ಕನ ಸರ್ವರಿಗೆಂದು ಹರಾಜಿನಿಂದ ಬಂದ ಕಂಪ್ಯೂಟರ್ ಒಂದನ್ನು ಆಯ್ದುಕೊಂಡೆ. ಪಕ್ಕದ ಮುಚ್ಚಳ ಇರಲಿಲ್ಲ. ಗಾಳಿ ಆಡುತ್ತದೆ ಬಿಡಿ ಅಂದೆ. ಹಾರ್ಡ್ ಡಿಸ್ಕ್ ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು ಬಂದದ್ದು. ಪುಕ್ಕಟೆ ಸಿಗುತ್ತಿದ್ದ ಲಿನಕ್ಸ್ ಸಾಫ್ಟ್‌ವೇರ್ ಹಾಕಿದೆ. ತಂತಿಗಳು ಕೂಡುವ ಹಬ್ ಅನ್ನು ಬೀದಿಯ ಕಡೆಯ ಕಿಟಕಿಕಟ್ಟೆಯ ಮೇಲಿಟ್ಟೆ, ಅಲ್ಲಿ ತಂಪು. ಅದರ ಮೇಲೆ ಪುಟ್ಟ ಹಸಿರು ದೀಪಗಳ ಸಾಲು. ಕೆಲಸ ಸಾಗಿದ್ದರೆ ಅವು ಮಿಣಮಿಣ ಅನ್ನುತ್ತವೆ. ಎರಡನೇ ಡಿಸ್ಕ್ ಒಂದನ್ನು ಹಾಕಿ ಎಲ್ಲವನ್ನೂ ಎರಡೂ ಕಡೆ ಇಡೋಣ ಅಂದಿದ್ದೆ. ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎಂದರು.

ಮೊದಮೊದಲು ತೊಂದರೆ ಒಂದಲ್ಲ ಎರಡಲ್ಲ. ಕರೆಂಟ್ ಹೋದರೆ ಬ್ಯಾಟರಿ ಹಿಡಿಯುತ್ತಿರಲಿಲ್ಲ. ಫೋನ್ ತಂತಿಯ ಮೋಡೆಮ್ ನಡುವೆಯೇ ಲೈನ್ ಬಿಡುತ್ತಿತ್ತು. ಫೋನ್ ಬಂದಾಗಲೆಲ್ಲ ಬ್ಯಾಗ್ ಹೆಗಲಿಗೇರಿಸಿ ಹೋಗುತ್ತಿದ್ದೆ. ಕೆಲಸ ಮುಗಿದ ಮೇಲೆ ಜೋಳದ ರೊಟ್ಟಿ, ಇಲ್ಲಿಯವರು ಗೋಂಗೂರ ಅನ್ನುವ ಪುಂಡಿಪಲ್ಯ. ಹೊಟ್ಟೆ ತುಂಬ ಊಟ, ಬಾಯಿ ತುಂಬ ಮಾತು. ಆ ಮನೆಯಲ್ಲಿ ಮಾತ್ರ ಸರಿಮಾಡಿದ ಮೇಲೂ ನಾನು ಕಣ್ಣಿಗೆ ಬೀಳುತ್ತಿದ್ದೆ. ದಸರೆ ಹತ್ತಿರವಾಗುತ್ತ ಬಂದಂತೆ ತೊಂದರೆಗಳು ಕಡಿಮೆಯಾದವು, ಕೆಲಸ ಹೆಚ್ಚಿತು. ನೀಲಕ್ಕನ ಮುಖದಲ್ಲಿ ಗೆಲುವು ಬಂತು.

ಆ ವರ್ಷ ಖಂಡೇನವಮಿಗೆ ಬಸವರಾಜ ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೇ ಬಂದ. ನಮ್ಮ ಕಡೆ ಆ ದಿನ ದುಡಿಯುವ ವಸ್ತುಗಳಿಗೆಲ್ಲ ಪೂಜೆ. ಪೂಜೆಯಾದ ಮೇಲೆ ಅವನ್ನು ಆ ದಿನ ಬಳಸುವಂತಿಲ್ಲ. ಅವನು ಸ್ನಾನ ಮಾಡಿ, ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚಿದ. ಸರ್ವರ್ ಓಡುತ್ತಲೇ ಇತ್ತು. ನೀಲಕ್ಕ, ಅದು ಆರಿಸಬಾರದ ಯಂತ್ರ ಎಂದು ಒಂದು ಮಾತು ಹೇಳಿದರಂತೆ. ‘ನಮ್ಮ ಟ್ರ್ಯಾಕ್ಟರಿಗೂ ಒಂದಿನ ಸೂಟಿ ಕೊಡ್ತೀವಿ. ಇದೇನು ಅದಕ್ಕಿಂತ ದೊಡ್ಡದೇನಕ್ಕ?’ ಎಂದು ಆತ ನಕ್ಕ. ಕಳಿಸಬೇಕಾದ ಕೆಲಸವೆಲ್ಲ ಮುಗಿದು ಸರ್ವರಿನಲ್ಲಿ ಸಿದ್ಧವಿತ್ತು, ಗಡುವು ಮರುದಿನ ಸಂಜೆ. ಹಬ್ಬದ ದಿನ ವಾದ ಯಾಕೆ ಎಂದು ನೀಲಕ್ಕ ಸುಮ್ಮನಾದರು. ಸರ್ವರನ್ನೂ ಆರಿಸಿ ಸೂಟಿ, ಅಂದರೆ ರಜೆ, ಕೊಟ್ಟರು.

ಮರುದಿನ ಬೆಳಿಗ್ಗೆ ನನಗೆ ಫೋನ್. ‘ಅಣ್ಣಾರ, ಲೈಟ್ ಹತ್ತೈತಿ, ಫ್ಯಾನ್ ತಿರಗಾಕತ್ತೈತಿ. ಡಿಸ್ಕಿನ ಸಪ್ಪಳಾನೇ ಇಲ್ರಿ.’

ಹುಡುಗರೇ, ಇದನ್ನು ನೆನಪಿಡಿ. ವರ್ಷಗಟ್ಟಲೆ ನಿಲ್ಲದೆ ಸುತ್ತಿದ ಹಳೆಯ ಡಿಸ್ಕ್ ಬಿಸಿಯಾಗಿ ಓಡುತ್ತಿರುವವರೆಗೆ ಓಡುತ್ತದೆ. ಇಡೀ ರಾತ್ರಿ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಒಮ್ಮೊಮ್ಮೆ ಒಳಗೆಲ್ಲೋ ಹಿಡಿದುಕೊಂಡುಬಿಡುತ್ತದೆ. ಬೇರೆ ಊರಲ್ಲಾದರೆ ಅದು ಕರೆಂಟ್ ಹೋಗಿ ಸಾಯುತ್ತದೆ. ನಮ್ಮಲ್ಲಿ ಪೂಜೆ ಮಾಡಿಸಿಕೊಂಡು ಸಾಯುತ್ತದೆ. ಫೋನ್ ಇಟ್ಟವನೇ ನನ್ನ ಕೋಣೆಯ ಸರ್ವರನ್ನು ಆರಿಸಿ, ಅದರ ಡಿಸ್ಕ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ನೀಲಕ್ಕನ ಡಿಸ್ಕ್ ಏನಾದರೂ ಉಸಿರಾಡಿದರೆ, ಮತ್ತೆ ನಿಲ್ಲುವ ಮೊದಲು ಅದರಲ್ಲಿರುವುದನ್ನೆಲ್ಲ ಇಳಿಸಿಕೊಳ್ಳಲು ಜಾಗ ಬೇಕಿತ್ತು.

ಹೋದಾಗ ಬಸವರಾಜ ಪಡಸಾಲೆಯ ಮೂಲೆಯಲ್ಲಿ ನಿಂತಿದ್ದ. ತಪ್ಪು ತನ್ನದೇ ಏನು ಎಂದು ಮೆಲ್ಲಗೆ ಕೇಳಿದ. ವಸ್ತುವೇ ಹಳೆಯದು, ನಿಮ್ಮದೇನೂ ಇಲ್ಲ ಅಂದೆ. ನೀಲಕ್ಕ ನನಗೆ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದರು.

‘ಸಂಜಿ ಒಳಗ ಕೆಲಸ ಹೋಗಲಿಲ್ಲಂದ್ರ ಏಜೆನ್ಸಿಯವ್ರು ಬ್ಯಾರೆಯವ್ರಿಗೆ ಕೊಡ್ತಾರ. ನಾ ನಾಳೆ ಇವನ ಕೂಡ ಗಾಡಿ ಹತ್ತಬೇಕಾಕ್ಕೈತಿ ಅಣ್ಣಾರ.’

ದನಿ ಏರಲಿಲ್ಲ. ನಾನು ಕೂತೆ. ಸೇಠನನ್ನು ನೆನೆದು, ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ಕೂತೆ. ಒಳಗೆ ಬಸವರಾಜನ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಡಿಸ್ಕಿಗೆ ಬೇಕಾದದ್ದು ಹದವಾದ ಬಿಸಿ, ಬೆಂಕಿಯಲ್ಲ. ರೊಟ್ಟಿ ಬುಟ್ಟಿ ಕೊಡಿ ಅಂದೆ. ಪಾಪ, ಆ ತಾಯಿ ನನಗೆ ಹಸಿವಾಗಿದೆ ಎಂದುಕೊಂಡು ಪಲ್ಯವನ್ನೂ ಬಡಿಸಿಕೊಂಡು ಬಂದಳು. ನಾನು ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯಲ್ಲಿ ಮಡಚಿ, ಬಿಸಿ ರೊಟ್ಟಿಗಳ ನಡುವೆ ಮಲಗಿಸಿದೆ. ನಾಲ್ವರೂ ಆ ಬುಟ್ಟಿಯ ಸುತ್ತ ಕೂತು ಅದನ್ನೇ ನೋಡಿದೆವು.

ಬೆಚ್ಚಗಾದ ಮೇಲೆ ತೆಗೆದು, ತಂತಿ ಸಿಕ್ಕಿಸಿ, ಅಂಗೈಯಲ್ಲಿ ಸಮನಾಗಿ ಹಿಡಿದೆ. ನೀಲಕ್ಕ ಸ್ವಿಚ್ ಒತ್ತಿದ ಕ್ಷಣ, ಒಳಗೆ ಹಿಡಿದುಕೊಂಡದ್ದು ಬಿಡಲೆಂದು ಮಣಿಕಟ್ಟನ್ನು ಛಟ್ಟನೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ. ಆಗಲೂ ಇಲ್ಲ. ಮತ್ತೊಮ್ಮೆ ತಿರುಗಿಸಿದಾಗ ಕೈಯೊಳಗೆ ಗಿಣಿಮರಿ ಹಿಡಿದ ಹಾಗೆ ನಡುಕ ಹುಟ್ಟಿತು, ಆಮೇಲೆ ಸಣ್ಣಗೆ ಗುಂಯ್ ಅಂದಿತು. ಅದನ್ನು ಕೆಳಗಿಡಲೂ ಹೆದರಿ, ಫೈಲುಗಳೆಲ್ಲ ನನ್ನ ಡಿಸ್ಕಿಗೆ ಇಳಿಯುವವರೆಗೆ ಹಿಡಿದೇ ಕೂತೆ. ಬಸವರಾಜ ರೊಟ್ಟಿ ಮುರಿದು, ಪಲ್ಯ ಹಚ್ಚಿ, ನನ್ನ ಇನ್ನೊಂದು ಕೈಗೆ ಕೊಡುತ್ತ ಹೋದ.

ದೀಪ ಹಚ್ಚುವ ಹೊತ್ತಿಗೆ ಕೆಲಸವೆಲ್ಲ ಮೋಡೆಮ್ ದಾಟಿ ಹೋಯಿತು. ತಲುಪಿತೆಂದು ಏಜೆನ್ಸಿಯಿಂದ ಉತ್ತರ ಬಂದಾಗ ನೀಲಕ್ಕ ಅಡುಗೆಮನೆಗೆ ಹೋಗಿ ಅತ್ತರು. ಬಸವರಾಜ ಅದರ ಬಾಗಿಲಿಗೆ ಹೋಗಿ ನಿಂತು, ‘ಅಕ್ಕ, ನೀ ಇಲ್ಲೇ ಇರು’ ಎಂದ. ಆಮೇಲೆ ಆ ಹಬ್ಬದ ಪದ್ಧತಿಯಂತೆ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕಾಲಿಗೆ ಬಗ್ಗಿದ.

ನನ್ನ ಡಿಸ್ಕ್ ಅಲ್ಲೇ ಉಳಿಯಿತು. ಅದರ ಜೊತೆಗೆ ಇನ್ನೊಂದು ಹಾಕಿದೆ. ಒಂದು ಸತ್ತರೆ ಇನ್ನೊಂದು ನಡೆಸಿಕೊಂಡು ಹೋಗುವ ಹಾಗೆ. ಕೆಟ್ಟದ್ದನ್ನು ತೆಗೆದು ಹೊಸದು ಹಾಕುವುದನ್ನೂ, ಕೇಬಲ್ ಕಟ್ಟುವುದನ್ನೂ ನೀಲಕ್ಕನಿಗೇ ಕಲಿಸಿದೆ. ಬಣ್ಣಗಳ ಸಾಲನ್ನು ನನಗಿಂತ ಚೆನ್ನಾಗಿ ಒಪ್ಪಿಸಿದರು. ನನ್ನ ಜೀವಮಾನದಲ್ಲಿ ಕಟ್ಟಿದ ಅತ್ಯುತ್ತಮ ನೆಟ್‌ವರ್ಕ್ ಅದು.

ಆಮೇಲೆ ಅಲ್ಲಿಂದ ಫೋನ್ ಬರಲಿಲ್ಲ. ಯಾಕೆ ಬರಬೇಕು? ನಾನು ಮಾತ್ರ ಆ ಕಡೆ ಕೆಲಸವಿದ್ದಾಗಲೆಲ್ಲ, ನಿಜ ಹೇಳಬೇಕೆಂದರೆ ಇಲ್ಲದಾಗಲೂ, ಅವರ ಮನೆಯೆದುರಿನ ಚಹಾ ಅಂಗಡಿಯಲ್ಲಿ ನಿಲ್ಲುತ್ತಿದ್ದೆ. ಅಲ್ಲಿಂದ ಎರಡನೇ ಮಹಡಿಯ ಕಿಟಕಿ ಕಾಣುತ್ತಿತ್ತು. ಹಸಿರು ದೀಪಗಳು ಮಿಣಮಿಣ ಅನ್ನುತ್ತಿದ್ದವು. ಎಲ್ಲ ಸರಿ ಇದೆ, ಮೇಲೆ ಹೋಗುವ ಕಾರಣವಿಲ್ಲ ಅಂದುಕೊಂಡು ಗ್ಲಾಸ್ ಇಟ್ಟು ನಡೆಯುತ್ತಿದ್ದೆ. ಹಾಗೇ ವರ್ಷಗಳು ಹೋದವು. ಮನೆಗಳಿಗೆ ವೈಫೈ ಬಂತು, ತಂತಿ ಎಳೆಯುವವನು ಯಾರಿಗೂ ಬೇಡವಾದ. ನಾನು ಕಾಲೇಜು ಸೇರಿದೆ. ಡಾಕ್ಟರುಗಳ ಮಾತನ್ನು ಯಂತ್ರಗಳೇ ಬರೆಯತೊಡಗಿದವೆಂದು ಪೇಪರಿನಲ್ಲಿ ಓದಿ, ನೀಲಕ್ಕ ಏನು ಮಾಡುತ್ತಿರಬಹುದು ಎಂದು ಯೋಚಿಸಿದೆ. ಸಂಜೆ ಹೋಗಿ ನೋಡಿದೆ. ದೀಪ ಉರಿಯುತ್ತಿತ್ತು. ವಾಪಸು ಬಂದೆ.

ನಾನು ನಿವೃತ್ತನಾದ ವರ್ಷ ಖಂಡೇನವಮಿಯ ಬೆಳಿಗ್ಗೆ ಫೋನ್ ಬಂತು. ‘ಅಣ್ಣಾರ, ಒಮ್ಮೆ ಬರ್ತೀರೇನ್ರಿ?’ ಏನಾಗಿದೆ ಎಂದೂ ಕೇಳದೆ ಬ್ಯಾಗ್ ಹುಡುಕಿ ಧೂಳು ಕೊಡವಿ ಹೊರಟೆ.

ಮನೆ ತುಂಬ ಕಟ್ಟಿಟ್ಟ ಡಬ್ಬಗಳು. ನೀಲಕ್ಕನ ಕೂದಲು ಬೆಳ್ಳಗಾಗಿತ್ತು. ಟೈಪಿಂಗ್ ಕೆಲಸ ನಿಲ್ಲಿಸಿ, ಕಲಬುರಗಿಯಲ್ಲಿ ತಮ್ಮನ ಮನೆಯಿಂದ ಎರಡು ಓಣಿ ಆಚೆ ತಮ್ಮದೇ ಮನೆ ಮಾಡಿಕೊಂಡಿದ್ದರು. ಅದೇ ವಾರ ಹೊರಡುವವರಿದ್ದರು. ಸರ್ವರ್ ಒಂದು ಮಾತ್ರ ಮೂಲೆಯಲ್ಲಿ ಓಡುತ್ತಿತ್ತು. ಅದರ ಭಾಗಗಳನ್ನೆಲ್ಲ ಅವರೇ ಒಂದೊಂದಾಗಿ ಬದಲಿಸಿದ್ದರು. ಆದರೆ ಆ ದಸರೆಯ ನಂತರ ಯಾವ ದಸರೆಯಲ್ಲೂ ಅದನ್ನು ಆರಿಸಿರಲಿಲ್ಲ. ಓಡುತ್ತಿರುವಾಗಲೇ ಕುಂಕುಮ ಹಚ್ಚಿದ್ದರು. ಈಗ ಆರಿಸಲು ಕೈ ಬರುತ್ತಿಲ್ಲ, ನೀವೇ ಸೂಟಿ ಕೊಡಿ ಎಂದರು. ಪೂಜೆ ಮಾಡಿದರು. ನಾನು ಆಜ್ಞೆ ಕೊಟ್ಟೆ. ಫ್ಯಾನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಹಸಿರು ದೀಪಗಳೂ ಆರಿದವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಕೆಳಗಿನ ಅಂಗಡಿಯಲ್ಲಿ ಗ್ಲಾಸ್ ತೊಳೆಯುವುದು ಕೇಳಿಸಿತು.

‘ಆ ಅಂಗಡ್ಯಾಗ ನಿಂತು ಲೈಟ್ ನೋಡಿ ಹೋಗ್ತಿದ್ರಿ’ ಎಂದರು ನೀಲಕ್ಕ. ‘ನಾ ಮ್ಯಾಲಿಂದ ಎಷ್ಟೋ ಸಲ ನೋಡೀನಿ. ಈಗ ಬರ್ತಾರ, ಈಗ ಬರ್ತಾರ ಅಂತ ಚಾಕ್ಕ ನೀರು ಇಡ್ತಿದ್ದೆ. ಕೆಟ್ಟಾಗಷ್ಟೇ ಬರಬೇಕಂತ ಯಾರು ಹೇಳಿದ್ರೀ ಅಣ್ಣಾರ?’

ನಾನು ಬ್ಯಾಗ್ ಹೆಗಲಿಗೇರಿಸಿ ಮೆಟ್ಟಿಲಿಳಿದೆ. ಯಂತ್ರಗಳನ್ನು ಇದ್ದೀಯಾ ಎಂದು ದಿನಾ ಕೇಳಿದವನು ನಾನು. ಅವರಾದರೂ ಕರೆಯಬಹುದಿತ್ತಲ್ಲ ಎಂದು ದಾರಿಯುದ್ದಕ್ಕೂ ಸಿಟ್ಟು ಬಂತು. ಆಮೇಲೆ ಹೊಳೆಯಿತು, ಏನೂ ಕೆಡದೆ ಹೇಗೆ ಕರೆಯುವುದು ಎಂದು ಅವರಿಗೂ ಅನಿಸಿರಬೇಕು.

ಅವರು ಹೋದ ಮೇಲೂ ಒಂದೆರಡು ಸಲ ಆ ಅಂಗಡಿಗೆ ಹೋದೆ. ಕಿಟಕಿಗೆ ಬೇರೆಯವರ ಪರದೆ. ಹುಡುಗರೇ, ನಿಮಗೆ ಹೇಳುವುದು ಇಷ್ಟೇ. ದೀಪ ಹಸಿರಾಗಿದ್ದರೂ ಒಮ್ಮೊಮ್ಮೆ ಮೆಟ್ಟಿಲು ಹತ್ತಿ ಹೋಗಿ.

ಇದನ್ನು ಬರೆಯುತ್ತಿರುವಾಗಲೇ, ನಿನ್ನೆ ಕಲಬುರಗಿಯಿಂದ ಫೋನ್ ಬಂದಿತ್ತು. ನಾನು ಅಭ್ಯಾಸಬಲದಿಂದ, ಏನಾಯಿತು ನೀಲಕ್ಕ ಅಂದೆ. ‘ಏನೂ ಕೆಟ್ಟಿಲ್ರಿ. ವೈಫೈ ಭಾಳ ಚಲೋ ಐತಿ. ಆದ್ರೂ ಬರ್ರಿ’ ಎಂದರು.

ನಾಳೆ ಬೆಳಗಿನ ಗಾಡಿಗೆ ಟಿಕೆಟ್ ತೆಗೆಸಿದ್ದೇನೆ. ಟೂಲ್ ಬ್ಯಾಗ್ ತೆಗೆದು ಬಾಗಿಲ ಹತ್ತಿರ ಇಟ್ಟಿದ್ದೆ. ಈಗಷ್ಟೇ ಅದನ್ನು ಮತ್ತೆ ಅಟ್ಟಕ್ಕೆ ಹಾಕಿ ಬಂದು ಈ ಸಾಲು ಬರೆಯುತ್ತಿದ್ದೇನೆ.